ತಮ್ಮನ ಕಾಲಿನ ನಾರು

ತಮ್ಮನ ಕಾಲಿನಲ್ಲಿದ್ದ ನಾರನ್ನು ದಿನವೂ ಸ್ವಲ್ಪ ಸ್ವಲ್ಪವೇ ಕಡ್ಡಿಗೆ ಸುತ್ತುವ ಕೆಲಸ ನನ್ನದಾಗಿತ್ತು. ನಾನು ಅದನ್ನು ಮಾಡಲಿಲ್ಲ. ಹೇಸಿಕೊಂಡು ಒಂದು ಮುಂಜಾನೆ ಜಗ್ಗಿ ಹರಿದೆ. ಆಮೇಲೆ, ಅವನೇ ಜಗ್ಗಿಕೊಂಡ ಎಂದು ಹೇಳಿದೆ. ಜಗ್ಗಿದ್ದನ್ನು ಹನ್ನೊಂದು ವರ್ಷದ ಹುಡುಗಿಯ ತಪ್ಪು ಎಂದು ಯಾರಾದರೂ ಮನ್ನಿಸಿಯಾರು. ಆದರೆ ಆ ಸುಳ್ಳನ್ನು ನಾನು ಮದುವೆಯಾಗಿ, ಮಕ್ಕಳಾಗುವವರೆಗೂ ಸಾಕಿದೆ.

ನಾರು ಎಂದರೆ ಏನೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು. ಆಗ ನಮ್ಮ ಕಡೆ ಊರೂರಿಗೂ ಪಾವಟಿಗೆ ಇಳಿದು ನೀರು ತರುವ ಬಾವಿಗಳಿದ್ದವು. ಮೊಣಕಾಲು ಮಟ್ಟ ನೀರಿನಲ್ಲಿ ನಿಂತು ಕೊಡ ಮುಳುಗಿಸಬೇಕು. ಆ ನೀರು ಕುಡಿದವರ ಮೈಯೊಳಗೆ ಒಂದು ಹುಳ ಸದ್ದಿಲ್ಲದೆ ಬೆಳೆದು, ಕಾಲಿನಲ್ಲಿ ಗುಳ್ಳೆ ಎಬ್ಬಿಸಿ, ಅದನ್ನು ಒಡೆದುಕೊಂಡು ಹೊರಗೆ ತಲೆ ಹಾಕುತ್ತಿತ್ತು. ಬಿಳಿ, ಸಪೂರ, ಒದ್ದೆ. ಬೇಯಿಸಿದ ಶ್ಯಾವಿಗೆಯ ಎಳೆಯ ಹಾಗೆ, ಒಂದು ಮೊಳಕ್ಕಿಂತ ಉದ್ದ. ಗುಳ್ಳೆ ಕೆಂಡದಂತೆ ಉರಿಯುತ್ತಿತ್ತು. ಉರಿ ತಾಳಲಾರದೆ ಜನ ಅದೇ ಬಾವಿಯ ಪಾವಟಿಗೆಯ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಡುತ್ತಿದ್ದರು. ಹುಳ ತನ್ನ ಮರಿಗಳನ್ನು ಆ ನೀರಿನಲ್ಲೇ ಬಿಡುತ್ತಿತ್ತಂತೆ. ನಮಗೆ ಅದು ತಿಳಿದಿರಲಿಲ್ಲ. ಆ ನೀರನ್ನೇ ತಂದು ಕುಡಿದೆವು, ಹಿಟ್ಟು ನಾದಿದೆವು, ದೇವರ ಮೇಲೂ ಅದನ್ನೇ ಸುರಿದೆವು. ಬರೆಯುವಾಗ ಈಗಲೂ ಗಂಟಲಿನಲ್ಲಿ ಏನೋ ಹರಿದಾಡುತ್ತದೆ.

ನಮ್ಮೂರು ನಿಡೋಣಿ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದೆ. ಅಪ್ಪ, ಅವ್ವ ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಕಣ್ಣಿಗೆ ಪೊರೆ ಬಂದು ಕೂತಿದ್ದಳು. ಐದು ವರ್ಷದ ತಮ್ಮನ ಹಿಮ್ಮಡಿಯ ಮೇಲೆ ನಾರು ಕಾಣಿಸಿಕೊಂಡಾಗ ಅದನ್ನು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಆಯಿ ಬಾಯಲ್ಲಿ ಹೇಳಿ ಕಲಿಸಿದಳು. ಗುಳ್ಳೆಯ ಮೇಲೆ ತಣ್ಣೀರು ಸುರಿಯಬೇಕು, ಹುಳ ತಾನಾಗಿ ಹೊರಗೆ ಬಂದಷ್ಟನ್ನು ಕಸಬರಿಗೆಯ ಕಡ್ಡಿಗೆ ಸುತ್ತಬೇಕು, ಬಿಸಿ ಮಾಡಿದ ಔಡಲ ಎಲೆಯಿಟ್ಟು ಕಡ್ಡಿಸಮೇತ ಅರಿವೆ ಕಟ್ಟಬೇಕು.

"ಬಂದಷ್ಟು ಬರಲಿ. ಬರಲಿಲ್ಲಂದ್ರ ನಾಳೆ ಬರತೈತಿ. ಅದರ ಜೋಡಿ ಜಗಳಾ ತಗೀಬ್ಯಾಡ ಬೇ, ಅದು ಸೊಕ್ಕಿನ ಸೊಸಿ ಇದ್ದಂಗ. ಜಗ್ಗಿದಿ ಅಂದ್ರ ಹರಕೊಂಡು ಒಳಗ ಕೂತು ಮನಿ ಹಾಳ ಮಾಡತೈತಿ" ಎಂದು ನಕ್ಕಳು.

ಒಂದು ದಿನಕ್ಕೆ ಬೆರಳಗಲ ಬಂದರೆ ಹೆಚ್ಚು. ಆ ವಾಸನೆ ನನಗೆ ತಡೆಯಲಾಗುತ್ತಿರಲಿಲ್ಲ. ಬೆಂದ ಔಡಲ ಎಲೆ, ಕೀವು, ನೊಣ. ಬೂದಿ ಹಾಕಿ ಎಷ್ಟು ತಿಕ್ಕಿ ತೊಳೆದರೂ ರೊಟ್ಟಿ ಮುರಿಯುವಾಗ ಉಗುರಿನ ಸಂದಿಯಿಂದ ಅದೇ ವಾಸನೆ. ಎಷ್ಟೋ ದಿನ ನಾನು ಅರಿವೆ ಬಿಚ್ಚಲೇ ಇಲ್ಲ. ಮೇಲೆ ಒಂದಿಷ್ಟು ನೀರು ಚಿಮುಕಿಸಿ "ಸುತ್ತಿದ್ನಿ ಆಯಿ" ಎಂದು ಹೇಳಿಬಿಟ್ಟೆ. ಆಯಿಗೆ ಕಾಣುತ್ತಿರಲಿಲ್ಲ. ತಮ್ಮನಿಗೆ ಕಾಣುತ್ತಿತ್ತು, ಆದರೆ ಅರಿವೆ ಬಿಚ್ಚದಿದ್ದರೆ ಅವನಿಗೂ ನೋವಿರುತ್ತಿರಲಿಲ್ಲ, ಸುಮ್ಮನಿದ್ದ.

ಕೊನೆಗೆ ಬಿಚ್ಚಿದ ದಿನ ಗಾಯ ಕೊಳೆತ ಹಣ್ಣಿನಂತೆ ಆಗಿತ್ತು. ಕಡ್ಡಿ ಸಡಿಲಾಗಿ ಹುಳ ಜೋತುಬಿದ್ದಿತ್ತು. ನನಗೆ ಎಲ್ಲಿಗೂ ಹೋಗುವ ಅವಸರ ಇರಲಿಲ್ಲ, ಯಾವ ಆಟವೂ ಕಾದಿರಲಿಲ್ಲ. ಬರೀ ಹೇಸಿಕೆ. ಇದು ಇವತ್ತೇ ಮುಗಿಯಲಿ ಎಂದು ಮುಖ ಆಚೆ ತಿರುಗಿಸಿ ಕಡ್ಡಿ ಹಿಡಿದು ಜಗ್ಗಿದೆ. ಹರಿಯಿತು. ಒಳಗಿನ ತುದಿ ಸರಕ್ಕನೆ ಮಾಂಸದೊಳಗೆ ಸರಿದುಹೋಯಿತು. ಗೇಣುದ್ದ ನನ್ನ ಕೈಯಲ್ಲಿ ಉಳಿಯಿತು. ಹಾಲಿನಂಥ ನೀರು ಬೆರಳಿಗೆ ಅಂಟಿತು. ಅಂಗಳಕ್ಕೆ ಒಗೆದೆ. ಪಕ್ಕದ ಮನೆಯ ಕೋಳಿ ಬಂದು ಅದನ್ನು ಕುಕ್ಕಿ ನುಂಗಿತು.

ತಮ್ಮ ಕಿರುಚಿದ್ದಕ್ಕೆ ಆಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಏನಾತ ಬೇ? ಯಾರ್ ಜಗ್ಗಿದ್ರು?"

"ಅವನಽ ಜಗ್ಗಿಕೊಂಡ" ಎಂದೆ. ಯೋಚಿಸಿ ಹೇಳಿದ್ದಲ್ಲ. ನಾಲಿಗೆಯ ತುದಿಯಲ್ಲೇ ಸಿದ್ಧವಾಗಿ ಕೂತಿದ್ದಂತೆ ಬಂತು.

ಸಂಜೆ ಅಪ್ಪನ ಮುಂದೆ ತಮ್ಮ ಅಳುತ್ತಾ "ನಾ ಅಲ್ಲ, ಅಕ್ಕ ಜಗ್ಗಿದ್ಲು" ಎಂದ. ಅಪ್ಪ ಅವನ ಕಪಾಳಕ್ಕೆ ಹೊಡೆದ. "ದಿನಾ ನಿನ್ನ ಕೀವು ತೊಳಿಯೂ ಅಕ್ಕನ ಮ್ಯಾಲೆ ಸುಳ್ಳ ಹೇಳ್ತಿ ಏನಲೇ?" ಅವನು ಮತ್ತೆ ಹೇಳಿದ. ಅಪ್ಪ ಮತ್ತೆ ಹೊಡೆದ. ನಾನು ಒಲೆಯ ಮುಂದೆ ಕೂತು ಊದುತ್ತಿದ್ದೆ. ಉರಿಯುತ್ತಿದ್ದ ಒಲೆಯನ್ನೇ ಊದುತ್ತಿದ್ದೆ.

ಆಮೇಲೆ ಜ್ವರ ಬಂತು, ಕಾಲು ಬಾತಿತು, ಹಿಮ್ಮಡಿಯ ಸುತ್ತ ಒಂದರ ಹಿಂದೆ ಒಂದು ಬಾವು ಒಡೆದವು. ಜೀವ ಉಳಿಯಿತು. ಆದರೆ ಹರಡಿನ ಕೀಲು, ಪಾದದ ಗಿಣ್ಣು, ಗಟ್ಟಿಯಾಗಿ ನಿಂತುಬಿಟ್ಟಿತು. ಹಿಮ್ಮಡಿ ಮತ್ತೆ ನೆಲ ಮುಟ್ಟಲಿಲ್ಲ. ಅವನು ಒಂದು ಕಾಲಿನ ತುದಿಬೆರಳ ಮೇಲೆ ಕುಪ್ಪಳಿಸುತ್ತಾ ನಡೆಯುವುದನ್ನು ಕಲಿತ.

ಊರು ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ಬೆಳೆಸಿತು. ಯಾವ ಮನೆಯಲ್ಲಿ ಯಾವ ಕೂಸಿಗೆ ನಾರು ಎದ್ದರೂ ತಾಯಂದಿರು ಅವನನ್ನು ತೋರಿಸಿ ಹೆದರಿಸುತ್ತಿದ್ದರು. ಹುಡುಗರು "ಜಗ್ಗ್ಯಾ, ಏ ಜಗ್ಗ್ಯಾ" ಎಂದು ಹಿಂದೆ ಬೀಳುತ್ತಿದ್ದರು. ಮೊದಮೊದಲು ಅವನು "ನಾ ಅಲ್ಲ" ಎನ್ನುತ್ತಿದ್ದ. ಆಮೇಲೆ ಸುಮ್ಮನಾದ. ನನಗೆ ಅದು ಸಮಾಧಾನ ತಂದಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಬಾಯಿ ಮುಚ್ಚಿದ, ಬದುಕಿದೆ ಎಂದುಕೊಂಡಿದ್ದೆ.

ಹದಿನಾರಕ್ಕೆ ನನ್ನನ್ನು ತಿಕೋಟಾದ ಆಚೆ ಕಳ್ಳಕವಟಗಿಗೆ ಕೊಟ್ಟರು. ಅಲ್ಲಿಯೂ ಅದೇ ಬಾವಿ, ಅದೇ ನಾರು. ಅತ್ತೆಯ ಮನೆಯ ಹಿಂದೆ ಕುರಿ ಕಾಯುವವರ ಮನೆಯಿತ್ತು. ಆ ಮನೆಯ ಮುದುಕಿಗೆ ಮೊಣಕಾಲಿನ ಹಿಂಬದಿಗೆ ನಾರು ಎದ್ದಿತ್ತು. ತಾನು ನೋಡಿಕೊಳ್ಳಲು ಆಗದ ಜಾಗ. ಸೊಸೆ ಮುಟ್ಟುತ್ತಿರಲಿಲ್ಲ. ಒಂದು ದಿನ ನಾನು ಹಿತ್ತಿಲಿನಲ್ಲಿ ಭಾಂಡೆ ತಿಕ್ಕುತ್ತಿದ್ದಾಗ ಮುದುಕಿ ಬೈಯುತ್ತಾ, ಕೈ ಹಿಂದೆ ತಿರುಚಿಕೊಂಡು, ಹುಳದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದದ್ದು ಕಂಡಿತು.

"ಜಗ್ಗಬ್ಯಾಡ!" ಎಂದು ಕೂಗಿದೆ. ಬೂದಿಗೈಯಲ್ಲೇ ಓಡಿಹೋಗಿ ಅವಳ ಮಣಿಕಟ್ಟು ಹಿಡಿದೆ.

"ಅಯ್ಯ ನಮ್ಮವ್ವನ, ಜೀವಾನಽ ಹೋದಂಗ ಒದರ್ತಿ! ಅಷ್ಟ್ ಕಾಳಜಿ ಇದ್ರ ನೀನಽ ತಗಿ ಬಾ. ತಗ್ಯಾಕ ಬರತೈತೇನ?"

"ಬರತೈತ್ರಿ" ಎಂದೆ.

ಬರುತ್ತಿತ್ತು. ಕಲಿತದ್ದನ್ನು ನಾನು ಒಂದು ದಿನವೂ ಸರಿಯಾಗಿ ಮಾಡಿರಲಿಲ್ಲ, ಅಷ್ಟೇ. ಅವಳನ್ನು ಬೋರಲು ಮಲಗಿಸಿ ನೀರು ಸುರಿದೆ. ಹುಳ ಅಲುಗಿತು. ನಾನು ಪಕ್ಕಕ್ಕೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು ಬಂದು ಕೂತೆ. ಮುದುಕಿ ಕತ್ತು ತಿರುಗಿಸಿ ನನ್ನ ಮುಖ ನೋಡಿದಳು. "ನಿನ್ನ ಮಾರಿ ನೋಡಿದ್ರ ನಾನಽ ಹುಳ ಅನ್ನಿಸಾಕತ್ತೈತಿ ಬೇ. ಒಂದೀಟು ನಗು."

ನಗಲು ಆಗಲಿಲ್ಲ. ಆದರೆ ಮರುದಿನವೂ ಹೋದೆ. ಅದರ ಮರುದಿನವೂ. ಹೇಸಿಕೆ ಕಡಿಮೆಯಾಯಿತು ಎಂದಲ್ಲ, ಇವತ್ತಿಗೂ ಆಗಿಲ್ಲ. ಹೇಸಿಕೊಳ್ಳುತ್ತಲೇ ಕೈ ಅಲುಗದಂತೆ ಇಟ್ಟುಕೊಳ್ಳಬಹುದು ಎಂಬುದು ಮಾತ್ರ ಗೊತ್ತಾಯಿತು. ಒಂದು ದಿನ ಹುಳ ಪೂರ್ತಿ ಹೊರಗೆ ಬಂತು. ತುದಿಯೂ ಬಂತು. ಗಾಯದ ಬಾಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಮುದುಕಿ ಎದ್ದು ನಿಂತು, ಎರಡೂ ಹಿಮ್ಮಡಿ ನೆಲಕ್ಕೂರಿ, ಕುರಿಗಳ ಹಿಂದೆ ಹೊರಟುಹೋದಳು. ಒಂದು ಒಳ್ಳೆಯ ಮಾತೂ ಆಡಲಿಲ್ಲ. ಆ ಹಿಮ್ಮಡಿಗಳನ್ನು ನೋಡುತ್ತಾ ನಾನು ಹಿತ್ತಿಲಿನಲ್ಲೇ ಕೂತೆ. ಎಷ್ಟೋ ವರ್ಷಗಳ ಮೇಲೆ ಎದೆಯೊಳಗೆ ಏನೋ ಸಡಿಲಾದಂತೆ ಆಯಿತು. ಅವತ್ತು ಊಟ ರುಚಿಯಾಗಿತ್ತು.

ಸುದ್ದಿ ಹಬ್ಬಿತು. ಹೊಲದಲ್ಲಿ ಕೂಲಿ ಮಾಡುವವರು, ಕುರಿ ಕಾಯುವವರು, ಊರಾಚೆಯ ಕೇರಿಯವರು, ಯಾರಿಗೆ ನಾರು ಎದ್ದರೂ ಮುಂಜಾನೆ ನಮ್ಮ ಹಿತ್ತಿಲಿಗೆ ಬಂದು ಕೂಡತೊಡಗಿದರು. ಆ ಕೇರಿಯವರ ಕಾಲು ಮುಟ್ಟಿದ್ದಕ್ಕೆ ಅತ್ತೆ ಮೊದಮೊದಲು ನನ್ನ ಮೇಲೆ ನೀರು ಸುರಿದು ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಎಲ್ಲರ ಕೀವಿನ ವಾಸನೆಯೂ ಒಂದೇ ಎಂದು ನನಗೆ ಗೊತ್ತಿತ್ತು. ಆಕೆಗೆ ಹೇಳಲಿಲ್ಲ. ಆಕೆಗೇ ನಾರು ಎದ್ದ ವರ್ಷ ನೀರು ಸುರಿಯುವುದು ತಾನಾಗಿ ನಿಂತಿತು.

ಅರಿವೆ ಕಟ್ಟುವುದು, ಅಳುವ ಕೂಸಿಗೆ ಬೆಲ್ಲದ ತುಣುಕು ಕೊಡುವುದು, ಬಾವಿಗೆ ಇಳಿಯಲಾಗದವರ ಮನೆಗೆ ಒಂದು ಕೊಡ ನೀರು ಹೊತ್ತು ಹಾಕುವುದು, ಇಷ್ಟೇ ನನ್ನ ಕೆಲಸ. ಈ ಸಣ್ಣ ಕೆಲಸಗಳು ನನ್ನನ್ನು ಬದುಕಿಸಿದವು ಎಂಬುದು ನಿಜ. ಮುಂಜಾನೆ ಏಳಲು ನನಗೊಂದು ಕಾರಣ ಸಿಕ್ಕಿತ್ತು. ಆದರೆ ಅವರು ಕೈ ಮುಗಿದು "ನಿನಗ ಪುಣ್ಯೆ ಬರತೈತಿ, ದೇವ್ರಂಥಾಕಿ ನೀ" ಎಂದಾಗ ನನಗೆ ಹುಣ್ಣಿನ ವಾಸನೆಗಿಂತ ಆ ಮಾತಿನ ವಾಸನೆಯೇ ಹೆಚ್ಚು ಹೊಡೆಯುತ್ತಿತ್ತು. ಕೊಳೆತ ಗಾಯದ ಮೇಲೆ ಜರಿಯ ಸೀರೆ ಸುತ್ತಿಕೊಂಡು ನಿಂತ ಹಾಗೆ.

ತಮ್ಮ ಅಷ್ಟರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರ ಕಾಯಿ, ಕರ್ಪೂರ, ಬತ್ತಾಸು ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಕೂತಿದ್ದ. ಕೂತು ಮಾಡುವ ಕೆಲಸ ಬೇರೆ ಸಿಕ್ಕಿರಲಿಲ್ಲ. ಒಂದು ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅವನೇ ಬಂದ. ತಿಕೋಟಾದಲ್ಲಿ ಬಸ್ಸಿಳಿದು, ಬಂಡಿ ಸಿಗದೆ, ಅಷ್ಟು ದೂರ ಕುಪ್ಪಳಿಸುತ್ತಲೇ ಬಂದಿದ್ದ. ನಾನು ಹಿತ್ತಿಲಿನಲ್ಲಿ ಒಂದು ಪುಟ್ಟ ಹುಡುಗಿಯ ಪಾದಕ್ಕೆ ಕಡ್ಡಿ ಸುತ್ತುತ್ತಿದ್ದೆ. ಅವಳು ಕಾಲು ಝಾಡಿಸುತ್ತಿದ್ದಳು. ತಮ್ಮ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಜೇಬಿನಿಂದ ಬತ್ತಾಸು ತೆಗೆದು ಅವಳ ಬಾಯಿಗಿಟ್ಟ. ಆಮೇಲೆ ತನ್ನ ಕಾಲು ಮುಂದೆ ಚಾಚಿದ.

"ಇಲ್ಲಿ ನೋಡ್ ಬೇ, ಹ್ಯಾಂಗೈತಿ ನನ್ನ ಕಾಲು? ಕೊಕ್ಕರೆಗತೆ ಐತೋ ಇಲ್ಲೋ? ನಾ ನಿನ್ನಷ್ಟು ಇದ್ದಾಗ ನಮ್ಮಕ್ಕ ಜಗ್ಗಬ್ಯಾಡಲೇ ಜಗ್ಗಬ್ಯಾಡಲೇ ಅಂತ ಹೊಯ್ಕೊಂಡ್ಲು. ನಾ ಕೇಳ್ಲಿಲ್ಲ, ಜಗ್ಗಿಬಿಟ್ಟೆ. ಮ್ಯಾಲೆ ಅಕ್ಕನಽ ಜಗ್ಗಿದ್ಲು ಅಂತ ಸುಳ್ಳ ಹೇಳಿ ಅಪ್ಪನ ಕಡೆ ಬಡಿಸಿಕೊಂಡೆ. ನೀ ಶ್ಯಾಣ್ಯಾಕಿ, ಹಂಗ ಮಾಡಬ್ಯಾಡ."

ಹುಡುಗಿ ನಕ್ಕಳು. ಕಾಲು ಸುಮ್ಮನಾಯಿತು. ಅವನು ನನ್ನನ್ನು ಚುಚ್ಚಲು ಹೇಳುತ್ತಿದ್ದಾನೆ ಎಂದು ಮೊದಲು ಹೆದರಿದೆ. ಅವನ ಮುಖ ನೋಡಿದೆ. ಚುಚ್ಚು ಅಲ್ಲ. ಅವನು ನಂಬಿದ್ದ. ಎಲ್ಲರೂ ಹೇಳಿ ಹೇಳಿ, ಐದು ವರ್ಷದ ನೆನಪನ್ನು ಅಳಿಸಿ, ನನ್ನ ಸುಳ್ಳನ್ನು ಅವನ ತಲೆಯೊಳಗೆ ಇಟ್ಟಿದ್ದರು. ಅವನ ಕಾಲು ತೆಗೆದುಕೊಂಡದ್ದು ಸಾಲದೆಂದು ನೆನಪನ್ನೂ ತೆಗೆದುಕೊಂಡಿದ್ದೆ. ಅವನೋ ಅದನ್ನೇ ಯಾರದೋ ಕೂಸಿಗೆ ಬತ್ತಾಸಿನ ಜೊತೆ ಹಂಚುತ್ತಿದ್ದ. ಅವತ್ತಾದರೂ ಬಾಯಿ ಬಿಡಬೇಕಿತ್ತು. "ಕೈಕಾಲು ತೊಳಕೋ, ಉಂಡೇವಂತ" ಎಂದೆ.

ಎರಡು ವರ್ಷದ ಮೇಲೆ ಬಬಲೇಶ್ವರದಲ್ಲಿ ಅವನಿಗೆ ಹೆಣ್ಣು ನೋಡಿದರು. ಅಪ್ಪ, ನನ್ನ ಗಂಡ, ತಮ್ಮ ಮತ್ತು ನಾನು ಹೋದೆವು. ಹುಡುಗಿಯ ತಂದೆ ನಿಧಾನವಾಗಿ ಮಾತನಾಡುವ ಮನುಷ್ಯ. ಅವಲಕ್ಕಿ ತಿಂದು ಚಹಾ ಕುಡಿದ ಮೇಲೆ ಅವನು ಕಾಲಿನ ಮಾತು ತೆಗೆದ.

"ತಪ್ಪು ತಿಳೀಬ್ಯಾಡ್ರಿ. ಕಾಲಿಗೇನಾತು?"

ತಮ್ಮ ನಗುತ್ತಾ ಹೇಳಿದ. "ಸಣ್ಣಾಂವಿದ್ದಾಗ ನಾರು ಎದ್ದಿತ್ರಿ. ನಾನಽ ಜಗ್ಗಿಕೊಂಡೆ."

ಅಪ್ಪ ಮಗನ ಪರವಾಗಿ ನಿಲ್ಲಲು ಹೋದ. "ಅವತ್ತು ನಾ ಎರಡ ಬಿಗದೇನ್ರಿ ಕಪಾಳಕ್ಕ. ಅವತ್ತಿನಿಂದ ನೂಲಿನಗತೆ ನೆಟ್ಟಗ ಆಗ್ಯಾನ, ಒಂದ ಸುಳ್ಳ ಹೇಳಿಲ್ಲ ನೋಡ್ರಿ."

ಹುಡುಗಿಯ ತಂದೆ ತಲೆ ಅಲ್ಲಾಡಿಸಿದ. "ಕುಂಟ ಅನ್ನೂದಕ್ಕ ನನ್ನ ತಕರಾರಿಲ್ರಿ. ದೇವ್ರು ಕೊಟ್ಟಿದ್ರ ಹೊರಬೇಕು. ಇದು ದೇವ್ರು ಕೊಟ್ಟಿದ್ದಲ್ಲ. ತನ್ನ ಕಾಲಿನ ಮ್ಯಾಲೆ ಕರುಣಾ ಇಲ್ಲದಾಂವ, ಮ್ಯಾಲೆ ಒಡಹುಟ್ಟಿದಾಕಿ ಮ್ಯಾಲೆ ಸುಳ್ಳ ಹಾಕಿದಾಂವ... ಹುಟ್ಟುಗುಣ ಸುಟ್ರೂ ಹೋಗೂದಿಲ್ಲ ಅಂತಾರ."

ಅಂದರೆ ಆ ಮಾತೂ ಅವರ ಕಿವಿಗೆ ಮೊದಲೇ ಬಿದ್ದಿತ್ತು. ತಮ್ಮ ತಲೆ ತಗ್ಗಿಸಿ "ಖರೇ ಐತ್ರಿ" ಎಂದ. ಅವನು ಹಾಗೆ ಒಪ್ಪಿಕೊಂಡದ್ದು ನನಗೆ ತಡೆಯಲಾಗಲಿಲ್ಲ. ಒಳಮನೆಯ ಬಾಗಿಲಿನಿಂದ ಹೊರಗೆ ಬಂದು ಗಂಡಸರ ನಡುವೆ ನಿಂತೆ.

"ಅವ ಜಗ್ಗಿಲ್ರಿ. ನಾ ಜಗ್ಗೀನಿ. ಸುಳ್ಳ ಹೇಳಿದಾಕಿನೂ ನಾನಽ."

ಗಂಡ "ಏ, ಒಳಗ ನಡಿ" ಎಂದು ಕಣ್ಣು ಕೆಕ್ಕರಿಸಿದ. ಆಗ ಹುಡುಗಿಯ ತಂದೆ ನನ್ನನ್ನು ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, ಅಪ್ಪನ ಕಡೆ ತಿರುಗಿದ.

"ನೋಡ್ರಿ ಕರುಳು ಅಂದ್ರ! ತಮ್ಮನ ಸಂಬಂಧ ಮುರೀತೈತಿ ಅಂತ ತಪ್ಪು ತನ್ನ ಮ್ಯಾಲೆ ಹೊತ್ಕೊಳ್ಳಾಕತ್ತಾಳ. ಕಳ್ಳಕವಟಗಿಯೊಳಗ ನಾರು ತಗಿಯೂ ಯವ್ವ ಅಂದ್ರ ಈಕಿನಽ ಅಲ್ಲೇನ್ರಿ? ನಮ್ಮೂರತನಾ ಹೆಸರೈತಿ. ಇಂಥಾ ಹೆಣ್ಣಮಗಳು ಇದ್ದ ಮನಿಗೆ ಕೊಡಾಕ ನನಗೇನಡ್ಡಿ ಇಲ್ಲ."

"ಖರೇನಽ ಹೇಳಾಕತ್ತೇನ್ರಿ" ಎಂದೆ.

"ಗೊತ್ತಾತು ಬಿಡವ್ವಾ, ಗೊತ್ತಾತು" ಎಂದು ಅವನು ನಕ್ಕ. ಎಲ್ಲರೂ ನಕ್ಕರು. ಸಕ್ಕರೆ ತಂದು ನನ್ನ ಕೈಗೇ ಮೊದಲು ಹಾಕಿದರು. ಐದು ವರ್ಷದ ಕೂಸು ನಿಜ ಹೇಳಿದಾಗ ಯಾರೂ ನಂಬದ ಹಾಗೆ ನಾನು ಮಾಡಿದ್ದೆ. ಈಗ ನಾನು ನಿಜ ಹೇಳಿದರೆ ಅದು ದೊಡ್ಡತನವಾಗಿಬಿಟ್ಟಿತು. ಸಂಬಂಧ ಕೂಡಿತು. ನನ್ನ ಹೊಲಸು ಮಾತ್ರ ಹಾಗೆಯೇ ಉಳಿಯಿತು.

ಬಸ್ಸಿನ ಕಟ್ಟೆಯ ಕಡೆ ಹೊರಟಾಗ ಅಪ್ಪ ಮತ್ತು ನನ್ನ ಗಂಡ ಮುಂದೆ ನಡೆದರು. ತಮ್ಮ ನಿಧಾನ, ನಾನು ಅವನ ಜೊತೆ ಹಿಂದೆ ಉಳಿದೆ. ಅವನು ಖುಷಿಯಲ್ಲಿದ್ದ.

"ಯಕ್ಕಾ, ನನ್ನ ಸಲುವಾಗಿ ಅಷ್ಟು ಮಂದ್ಯಾಗ ಸುಳ್ಳ ಹೇಳಬಾರದಾಗಿತ್ತು ನೀ."

"ಸುಳ್ಳಲ್ಲೋ."

"ಸಾಕ ಬಿಡು, ಈಗ ಯಾರ್ ಅದಾರ ಇಲ್ಲಿ ಕೇಳಾಕ?"

ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. "ಅವತ್ತು ನೀ 'ಯಕ್ಕಾ, ಉರಿಯಾಕತ್ತೈತಿ, ಊದು' ಅಂದಿ. ಮೂರ್ನಾಕು ಸಲ ಅಂದಿ. ಎರಡೂ ಕೈಲೆ ನನ್ನ ಲಂಗಾ ಹಿಡಕೊಂಡಿದ್ದಿ. ನಿನ್ನ ಕೈ ನನ್ನ ಲಂಗಾದ ಮ್ಯಾಲೆ ಇದ್ವು. ಕಡ್ಡಿ ನನ್ನ ಕೈಯಾಗ ಇತ್ತು."

ಅವನ ನಗು ಮುಖದಲ್ಲೇ ನಿಂತಿತು. ರಸ್ತೆಯ ಬದಿಯ ಬೇವಿನ ಬುಡಕ್ಕೆ ಹೋಗಿ ಮೆಲ್ಲಗೆ ಕೂತ. ತನ್ನ ಎರಡೂ ಕೈಗಳನ್ನು ಯಾರದೋ ಎಂಬಂತೆ ನೋಡಿಕೊಂಡ. ಮುಂದೆ ಹೋದ ಅಪ್ಪ ತಿರುಗಿ "ಬಸ್ಸು ಹೋಗತೈತ್ರಲೇ" ಎಂದು ಕೂಗುತ್ತಿದ್ದ. ತಮ್ಮ ಬೈಯುತ್ತಾನೆ ಎಂದು ಕಾದೆ. ಹೊಡೆದರೂ ಸರಿ ಎಂದುಕೊಂಡೆ. ಅವನು ಕಾಲಿನ ಮಾತನ್ನೇ ಎತ್ತಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ.

"ಹಂಗಾದ್ರ ಅವತ್ತು ಅಪ್ಪನ ಮುಂದ ನಾ ಹೇಳಿದ್ದು ಸುಳ್ಳಲ್ಲ?"

ಇಷ್ಟು ವರ್ಷ ಅವನು ಕುಂಟನೆಂದು ಕುಗ್ಗಿರಲಿಲ್ಲ, ಸುಳ್ಳುಗಾರನೆಂದು ಕುಗ್ಗಿದ್ದ. ನಾನು ಅವನ ಮುಂದೆ ಮಣ್ಣಿನಲ್ಲಿ ಕೂತೆ. ಹೋಗಿಬರುವ ಜನ ನೋಡುತ್ತಿದ್ದರು. ನೋಡಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅಲ್ಲೋ ತಮ್ಮಾ, ಸುಳ್ಳಲ್ಲ. ಖರೇ ಹೇಳಿದಾಂವ ನೀ ಒಬ್ಬನಽ. ನನಗ ಹೇಸಿಕಿ ಬಂತು, ಜಗ್ಗಿದೆ. ಅಂಜಿಕಿ ಬಂತು, ನಿನ್ನ ಮ್ಯಾಲೆ ಹಾಕಿದೆ. ಆಮ್ಯಾಲೆ ಅಂಜಿಕಿನೂ ಇರಲಿಲ್ಲ, ಆದ್ರೂ ಸುಮ್ಮ ಕೂತೆ. ನೀ ಹೊಡತಾ ತಿನ್ನೂದು ನೋಡಕೋತ ಕೂತೆ. ತಪ್ಪಾತೋ ನಮ್ಮಪ್ಪಾ, ತಪ್ಪಾತು ನಂದು."